ಎರಡು ತೊಲದ ಟೈಗರ್ ಮಾತ್

ರೆಕ್ಕೆಯ ತುದಿಯಿಂದ ತುದಿಗೆ 37 ಸೆಂ.ಮೀ. ತೂಕ ರಬ್ಬರ್ ಸೇರಿ 2 ತೊಲ, ಅಂದರೆ 23.3 ಗ್ರಾಂ. ಬಾಲ್ಸಾ ಎಂಬ ಹಗುರ ಮರದಲ್ಲಿ ಬೈಪ್ಲೇನಿನ (ಒಂದರ ಮೇಲೊಂದು ಎರಡು ರೆಕ್ಕೆಯ ವಿಮಾನದ) ಮಾದರಿ ಕಟ್ಟಲು ಕೂತಾಗ ನಾನು ಮೊದಲು ಬರೆದಿಡುವುದು ಈ ಎರಡು ಲೆಕ್ಕ. ಕೊಪ್ಪಳದಲ್ಲಿ ನಾನು ಪತ್ತಾರ ಕೆಲಸ ಮಾಡುತ್ತೇನೆ. ಗುಂಜಿ ತೂಕದ ಬಂಗಾರಕ್ಕೂ ಗಿರಾಕಿಗೆ ಲೆಕ್ಕ ಒಪ್ಪಿಸಬೇಕು. ಅದೇ ಅಭ್ಯಾಸ ಈ ವಿಮಾನಕ್ಕೂ ಬೇಕು.

ಇದು ಫ್ರೀ ಫ್ಲೈಟ್ ವಿಮಾನ. ರಿಮೋಟ್ ಇಲ್ಲ, ಬ್ಯಾಟರಿ ಇಲ್ಲ. ಸುತ್ತಿದ ರಬ್ಬರ್ ಬಿಚ್ಚಿಕೊಳ್ಳುತ್ತಾ ಪ್ರೊಪೆಲರ್ ತಿರುಗಿಸುತ್ತದೆ. ಕೈಯಿಂದ ಬಿಟ್ಟ ಮೇಲೆ ಅದು ತಾನಾಗಿಯೇ ಹಾರಬೇಕು. ಭಾರ ಜಾಸ್ತಿಯಾದರೆ ವೇಗ ಜಾಸ್ತಿ ಬೇಕು, ವೇಗವಾಗಿ ಹಾರಿದ್ದು ಅಷ್ಟೇ ಜೋರಾಗಿ ನೆಲಕ್ಕೆ ಬಡಿಯುತ್ತದೆ. ಹಗುರ ಇದ್ದದ್ದು ಜಾಲಿ ಗಿಡಕ್ಕೆ ಸಿಕ್ಕಿದರೂ ಒಂದೆರಡು ಹರಿದ ಕಾಗದದಲ್ಲಿ ಉಳಿಯುತ್ತದೆ.

ಮೊದಲ ಬೈಪ್ಲೇನಿಗೆ ಟೈಗರ್ ಮಾತ್‌ಗಿಂತ ಒಳ್ಳೆಯದು ನನಗೆ ಕಂಡಿಲ್ಲ. ಡಿ ಹ್ಯಾವಿಲ್ಯಾಂಡ್ ಕಂಪನಿಯ ಈ ವಿಮಾನ 1931ರಲ್ಲಿ ಹಾರಿತು. ನಮ್ಮ ವಾಯುಪಡೆಯ ಪೈಲಟ್‌ಗಳೂ ಇದರಲ್ಲಿ ಕಲಿತಿದ್ದಾರೆ. ಅಸಲಿ ರೆಕ್ಕೆ 8.94 ಮೀಟರ್. ಅದನ್ನು 24ರಿಂದ ಭಾಗಿಸಿದರೆ ನಮ್ಮ 37 ಸೆಂ.ಮೀ. ಒಡಲಿನ ಪಕ್ಕಗಳು ಚಪ್ಪಟೆ, ಮೂತಿ ತೀರಾ ಗಿಡ್ಡ ಅಲ್ಲ. ರೆಕ್ಕೆಗಳು ಹಿಂದಕ್ಕೆ ಬಾಗಿರುವುದನ್ನು ಗಮನಿಸಿ. ಮುಂದಿನ ಸೀಟಿನವನು ಪ್ಯಾರಾಶೂಟ್ ಕಟ್ಟಿಕೊಂಡು ಸಲೀಸಾಗಿ ಹೊರಗೆ ಬರಲಿ ಅಂತ ಮೇಲಿನ ರೆಕ್ಕೆಯ ನಡುಭಾಗವನ್ನು ಮುಂದಕ್ಕೆ ತಳ್ಳಿದರು. ಅದರಿಂದ ಕೆಟ್ಟ ಸಮತೋಲ ಸರಿಮಾಡಲು ರೆಕ್ಕೆಗಳನ್ನು ಹಿಂದಕ್ಕೆ ಬಾಗಿಸಿದರು. ಆ ಬಾಗು ತಪ್ಪಿದರೆ ಅದು ಟೈಗರ್ ಮಾತ್ ಅನ್ನಿಸುವುದೇ ಇಲ್ಲ.

ಈಗ ತೂಕ ಹಂಚಿ. ಕಾಗದ ಸಮೇತ ಎರಡೂ ರೆಕ್ಕೆಗೆ 6 ಗ್ರಾಂ, ಒಡಲಿಗೆ 5, ಪ್ರೊಪೆಲರ್ ಮತ್ತು ಮೂತಿಗೆ 4.5, ಗಾಲಿ ಮತ್ತು ಕಾಲಿಗೆ 2, ರಬ್ಬರಿಗೆ 3, ಮೂತಿಯಲ್ಲಿ ಇಡುವ ಸೀಸಕ್ಕೆ 2. ಬಾಲಕ್ಕೆ ಬರೀ 0.8. ಬಾಲಕ್ಕೆ ಇಷ್ಟು ಕಂಜೂಸುತನ ಯಾಕೆ ಅಂದರೆ, ವಿಮಾನದ ತೂಕ ನಿಲ್ಲುವ ಬಿಂದುವಿನಿಂದ ಬಾಲ ದೂರ, ಮೂತಿ ಹತ್ತಿರ. ಬಾಲದಲ್ಲಿ 0.4 ಗ್ರಾಂ ಏರಿದರೆ ಮೂತಿಯಲ್ಲಿ ಸುಮಾರು 1 ಗ್ರಾಂ ಸೀಸ ಏರಿಸಬೇಕು. ಅಲ್ಲಿಗೆ ನಷ್ಟ 1.4 ಗ್ರಾಂ. 0.01 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ಆನ್‌ಲೈನಲ್ಲಿ ಸಿಗುತ್ತದೆ, ಒಂದು ಇಟ್ಟುಕೊಳ್ಳಿ. ಇಲ್ಲವಾದರೆ ನಿಮ್ಮೂರ ಪತ್ತಾರರ ಅಂಗಡಿಗೆ ಹೋಗಿ, ಯಾರೂ ಬೇಡ ಅನ್ನುವುದಿಲ್ಲ.

ಬಾಲ್ಸಾ ಬೆಳೆಯುವುದು ಎಕ್ವಡಾರ್ ಕಡೆ. ನಮಗೆ ಬೆಂಗಳೂರಿನಿಂದ ಕೊರಿಯರಿನಲ್ಲಿ ಬರುತ್ತದೆ. ಕಿನ್ನಾಳದ ಗೊಂಬೆಗಳನ್ನೂ ಹಗುರ ಮರದಲ್ಲೇ ಮಾಡುತ್ತಾರೆ, ಆದರೆ ಇಲ್ಲಿ ಅದು ನಡೆಯುವುದಿಲ್ಲ. ಹಲಗೆ ಬಂದ ಕೂಡಲೇ ತೂಗಿ. 1 ಮೀಟರ್ ಉದ್ದ, 10 ಸೆಂ.ಮೀ ಅಗಲ, 1.5 ಮಿ.ಮೀ ದಪ್ಪದ ಹಲಗೆ 15 ಗ್ರಾಂ ಆಸುಪಾಸು ಇದ್ದರೆ ಹಗುರ ಮಾಲು. 24 ಗ್ರಾಂ ತೂಗಿದರೆ ಗಟ್ಟಿ ಮಾಲು, ಅದು ಒಡಲಿನ ಉದ್ದದ ಕಡ್ಡಿಗಳಿಗೆ ಮಾತ್ರ. ಹಲಗೆಯನ್ನು ಬೆಳಕಿಗೆ ಹಿಡಿದು ನೋಡಿ. ಮೈಮೇಲೆ ಮೀನಿನ ಹುರುಪೆಯಂಥ ಹೊಳಪಿನ ಚುಕ್ಕೆಗಳಿದ್ದರೆ ಅದು ಅಡ್ಡಕ್ಕೆ ಬಾಗದ ಜಾತಿ. ರೆಕ್ಕೆಯ ರಿಬ್ಬುಗಳಿಗೆ, ಅಂದರೆ ರೆಕ್ಕೆಗೆ ಆಕಾರ ಕೊಡುವ ಅಡ್ಡಪಟ್ಟಿಗಳಿಗೆ, ಅದೇ ಬೇಕು. ಸುಲಭವಾಗಿ ಸುರುಳಿಯಾಗುವುದನ್ನು ಮೂತಿಯ ಹೊದಿಕೆಗೆ ಎತ್ತಿಡಿ.

ಒಡಲು ಕಷ್ಟ ಇಲ್ಲ. ನಕ್ಷೆಯನ್ನು ಥರ್ಮಕೋಲ್ ಮೇಲೆ ಹರಡಿ, ಅದರ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಕಿ. 2 ಮಿ.ಮೀ ಕಡ್ಡಿಗಳಲ್ಲಿ ಒಂದು ಪಕ್ಕ ಕಟ್ಟಿ, ಅದರ ಮೇಲೆಯೇ ಇನ್ನೊಂದು. ಗುಂಡುಸೂಜಿ ಕಡ್ಡಿಯ ಎರಡೂ ಬದಿಗೆ ಇರಲಿ, ಕಡ್ಡಿಗೆ ಚುಚ್ಚಬೇಡಿ. ಫೆವಿಕಾಲಿಗೆ ಅರ್ಧ ನೀರು ಬೆರೆಸಿ ಸೂಜಿ ತುದಿಯಿಂದ ಹಚ್ಚಿ. ಆಮೇಲೆ ಎರಡೂ ಪಕ್ಕಗಳನ್ನು ಅಡ್ಡಕಡ್ಡಿಗಳಿಂದ ಜೋಡಿಸಿ.

ಬಾಲಕ್ಕೆ ಮಾತ್ರ ನಿಧಾನ ಮಾಡಿ. ಟೈಗರ್ ಮಾತ್‌ನ ಚುಕ್ಕಾಣಿಯ ದುಂಡು ಅಂಚನ್ನು ಹಲಗೆಯಿಂದ ಕತ್ತರಿಸಿದರೆ ಎಳೆ ಅಡ್ಡ ಬಿದ್ದ ಕಡೆ ಮುರಿಯುತ್ತದೆ. 0.8 ಮಿ.ಮೀ ದಪ್ಪ, 1.5 ಮಿ.ಮೀ ಅಗಲದ ಎರಡು ಪಟ್ಟಿ ಸೀಳಿ ಬಿಸಿನೀರಿನಲ್ಲಿ ನೆನೆಸಿ. ರಟ್ಟಿನಲ್ಲಿ ಅದೇ ಆಕಾರ ಕತ್ತರಿಸಿ, ಅಂಚಿಗೆ ಮೇಣ ಉಜ್ಜಿ. ಪಟ್ಟಿಗಳ ನಡುವೆ ಅಂಟು ಸವರಿ, ಎರಡನ್ನೂ ಒಟ್ಟಿಗೆ ಹಿಡಿದು ರಟ್ಟಿನ ಸುತ್ತ ಮೆಲ್ಲಗೆ ಎಳೆಯುತ್ತಾ ಬಾಗಿಸಿ. ಟೇಪ್ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಬಿಡಿಸಿದರೆ ಬಳೆಯಷ್ಟು ಗಟ್ಟಿ ಅಂಚು ಕೈಗೆ ಬರುತ್ತದೆ, ತಕ್ಕಡಿಯ ಮುಳ್ಳು ಅಲ್ಲಾಡಿದರೆ ಹೆಚ್ಚು. ಅಡ್ಡ ಬಾಲವನ್ನು ಅಸಲಿ ಅಳತೆಗಿಂತ ನೂರಕ್ಕೆ 10–15 ಪಾಲು ದೊಡ್ಡದು ಮಾಡಿ. ನೋಡುವವರಿಗೆ ಗೊತ್ತಾಗುವುದಿಲ್ಲ, ಹಾರಾಟ ಬಹಳ ಸ್ಥಿರವಾಗುತ್ತದೆ.

ರಿಬ್ಬುಗಳು 0.8 ಮಿ.ಮೀ ಹಲಗೆಯಲ್ಲಿ. ನಾನು ಹಿತ್ತಾಳೆ ತಗಡಿನಲ್ಲಿ ಎರಡು ಅಚ್ಚು ಮಾಡಿಕೊಂಡಿದ್ದೇನೆ. ನಡುವೆ ಬಾಲ್ಸಾ ತುಂಡುಗಳನ್ನು ಒತ್ತಿ ಹಿಡಿದು, ಒಟ್ಟಿಗೆ ಅರದಿಂದ ಉಜ್ಜಿದರೆ ಎಲ್ಲಾ ರಿಬ್ಬು ಒಂದೇ ಸಮ. ರೆಕ್ಕೆಯ ಅಗಲ 5.5 ಸೆಂ.ಮೀ, ರಿಬ್ಬಿನಿಂದ ರಿಬ್ಬಿಗೆ 25 ಮಿ.ಮೀ. ರೆಕ್ಕೆ ತುದಿಗಳು ಅಸಲಿಗಿಂತ ಸ್ವಲ್ಪ ಜಾಸ್ತಿ ಎತ್ತರ ಇರಲಿ: ಮೇಲಿನ ರೆಕ್ಕೆಗೆ 14 ಮಿ.ಮೀ, ಕೆಳಗಿನದಕ್ಕೆ 18. ಪೈಲಟ್ ಇಲ್ಲದ ವಿಮಾನ ವಾಲಿದರೆ ತಾನೇ ನೆಟ್ಟಗಾಗುವುದು ಈ ಎತ್ತರದಿಂದ.

ಕಾಗದ ಹೊದಿಸುವಾಗ ನಮ್ಮ ಕಡೆಯ ಹವೆ ನೋಡಿಕೊಳ್ಳಬೇಕು. ಏಪ್ರಿಲ್, ಮೇ ಬಿಸಿಲಿನಲ್ಲಿ ಅಂಟು ಹಚ್ಚಿ ಕಾಗದ ಎತ್ತುವಷ್ಟರಲ್ಲಿ ಒಣಗಿರುತ್ತದೆ. ಫ್ಯಾನ್ ಹಾಕಿದರೆ ಕಾಗದ ಹಾರುತ್ತದೆ. ಹಾಗಾಗಿ ಆ ತಿಂಗಳುಗಳಲ್ಲಿ ನಾನು ನಸುಕಿನಲ್ಲಿ ಹೊದಿಸುತ್ತೇನೆ. ಹಳದಿ ಟಿಶ್ಯೂ ಕಾಗದವನ್ನು ಮೊದಲೇ ಒಂದು ಚೌಕಟ್ಟಿಗೆ ಅಂಟಿಸಿ, ನೀರು ಸಿಂಪಡಿಸಿ, ಒಣಗಿಸಿ. ಕುಗ್ಗುವುದೆಲ್ಲ ಅಲ್ಲೇ ಕುಗ್ಗಿಬಿಡಲಿ. ಹಸಿ ಕಾಗದವನ್ನು ಇಷ್ಟು ತೆಳು ರೆಕ್ಕೆಯ ಮೇಲೆ ಕುಗ್ಗಿಸಿದರೆ ರೆಕ್ಕೆ ಹಪ್ಪಳದ ಹಾಗೆ ತಿರುಚುತ್ತದೆ. ಕಾಗದದ ಎಳೆ ರೆಕ್ಕೆಯ ಉದ್ದಕ್ಕೆ ಇರಲಿ. ಬಣ್ಣ ಬಳಿಯಬೇಡಿ, ಬಣ್ಣಕ್ಕೂ ತೂಕವಿದೆ.

ಮೇಲೆ ಒಂದೇ ಒಂದು ಕೈ ಲ್ಯಾಕರ್. ಪೇಂಟ್ ಅಂಗಡಿಯ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರಿಗೆ ಅಷ್ಟೇ ಥಿನ್ನರ್, ಜೊತೆಗೆ ಕೆಲವು ಹನಿ ಔಡಲೆಣ್ಣೆ. ಎಣ್ಣೆ ಇಲ್ಲದಿದ್ದರೆ ಅದು ದಿನ ಕಳೆದಂತೆ ಬಿಗಿಯುತ್ತಲೇ ಹೋಗುತ್ತದೆ. ಈ ಕೆಲಸಕ್ಕೆ ಮುಂಚೆ ಮನೆಯಲ್ಲಿ ಬೆಂಕಿ ಎಲ್ಲಿದ್ದರೂ ಆರಿಸಿ. ನನ್ನ ಅಗ್ಗಿಷ್ಟಿಕೆ ಪೂರ್ತಿ ತಣ್ಣಗಾಗದೆ ನಾನು ಥಿನ್ನರ್ ಡಬ್ಬಿ ತೆಗೆಯುವುದಿಲ್ಲ. ಮಳೆಗಾಲದ ತೇವದಲ್ಲಿ ಲ್ಯಾಕರ್ ಬೆಳ್ಳಗೆ ಮಂಕಾಗುತ್ತದೆ, ಒಣ ದಿನಕ್ಕೆ ಕಾಯಿರಿ. ರೆಕ್ಕೆ ಒಣಗುವಾಗ ಹಲಗೆಗೆ ಸೂಜಿ ಹಾಕಿ ಹಿಡಿಸಿ, ತುದಿಗಳ ಹಿಂಬದಿ ಅಂಚಿನ ಕೆಳಗೆ 2 ಮಿ.ಮೀ ಪಟ್ಟಿ ಇಡಿ. ಆ ಸಣ್ಣ ತಿರುವಿನಿಂದ ವಿಮಾನ ನಿಧಾನವಾದಾಗ ತುದಿ ಕುಸಿಯುವುದಿಲ್ಲ.

ಎರಡು ರೆಕ್ಕೆ ಜೋಡಿಸುವಾಗ ಕಣ್ಣನ್ನು ನಂಬಬೇಡಿ. ಕೆಳಗಿನ ರೆಕ್ಕೆ ಒಡಲಿಗೆ ಅಂಟಿಸಿದ ಮೇಲೆ, ನಡುವಿನ ಅಂತರಕ್ಕೆ ಸರಿಯಾಗಿ ರಟ್ಟಿನ ತುಂಡುಗಳನ್ನು ಕತ್ತರಿಸಿ ನಿಲ್ಲಿಸಿ, ಮೇಲಿನ ರೆಕ್ಕೆಯನ್ನು ಅದರ ಮೇಲೆ ಕೂಡಿಸಿ. ಎರಡರ ಕೋನ ಒಂದೇ ಇರಬೇಕು. ಆಮೇಲೆ ಎರಡು ರೆಕ್ಕೆಗಳ ನಡುವಿನ ಕಂಬಗಳು. ತಂತಿಗಳ ಬದಲು ಒಂದೆಳೆ ರೇಷ್ಮೆ ಸಾಕು, ಬಿಗಿಯಾಗಿ ಎಳೆಯದೆ.

ಪ್ರೊಪೆಲರ್ 15 ಸೆಂ.ಮೀ ಪ್ಲಾಸ್ಟಿಕ್ಕಿನದು. ಮೂತಿಯ ತುಂಡು ಬಿಚ್ಚುವಂತಿರಲಿ. ಪ್ರೊಪೆಲರ್ ತಿರುಗುವ ಅಚ್ಚಿನ ಮುಂದಿನ ತುದಿ 2–3 ಡಿಗ್ರಿ ಕೆಳಕ್ಕೆ, ವಿಮಾನದ ಬಲಕ್ಕೆ 2 ಡಿಗ್ರಿ ವಾಲಿರಬೇಕು. ಪ್ರೊಪೆಲರ್ ತಿರುಗುವಾಗ ವಿಮಾನವನ್ನು ಎಡಕ್ಕೆ ಹೊರಳಿಸುತ್ತದೆ, ಬಲಕ್ಕೆ ವಾಲಿದ ಅಚ್ಚು ಅದನ್ನು ತಡೆಯುತ್ತದೆ. ರಬ್ಬರ್ 5 ಮಿ.ಮೀ ಅಗಲದ ಪಟ್ಟಿ, ಗಂಟು ಹಾಕಿದ ಸುತ್ತು 32 ಸೆಂ.ಮೀ. ಅದಕ್ಕೂ ಔಡಲೆಣ್ಣೆ ಸವರಿ, ಈ ಎಣ್ಣೆ ರಬ್ಬರನ್ನು ಕೆಡಿಸುವುದಿಲ್ಲ.

ಹಾರಿಸುವ ಮುಂಚೆ ಸಮತೋಲ. ಪಕ್ಕದಿಂದ ನೋಡಿ ಎರಡು ರೆಕ್ಕೆಗಳ ಮುಂದಿನ ಅಂಚುಗಳ ನಡುಮಧ್ಯ ಗುರುತಿಸಿ. ಅಲ್ಲಿಂದ ರೆಕ್ಕೆಯ ಅಗಲದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ವಿಮಾನ ಸಮನಾಗಿ ನಿಲ್ಲುವವರೆಗೆ ಮೂತಿಗೆ ಸೀಸ ಸೇರಿಸಿ. ಗಾಳಿಯಿಲ್ಲದ ಬೆಳಿಗ್ಗೆ, ಹುಲ್ಲಿರುವ ಮೈದಾನಕ್ಕೆ ಹೋಗಿ. ಕೊಯ್ದ ಸಜ್ಜೆ ಹೊಲ ಬೇಡ, ಕೂಳೆ ಕಾಗದಕ್ಕೆ ಚುಚ್ಚುತ್ತದೆ. ಮೊದಲು ರಬ್ಬರ್ ಸುತ್ತದೆ ಮೆಲ್ಲಗೆ ಮುಂದಕ್ಕೆ ಬಿಡಿ. ಏರಿ ಇಳಿದು ತೂಗಾಡಿದರೆ ಮೂತಿಗೆ ಇನ್ನಷ್ಟು ಸೀಸ. ನೇರ ನೆಲಕ್ಕೆ ಇಳಿದರೆ ಅಡ್ಡ ಬಾಲದ ಹಿಂದಿನ ಅಂಚನ್ನು ಕೂದಲೆಳೆಯಷ್ಟು ಎತ್ತಿ. ಆಮೇಲೆ 100 ಸುತ್ತು. ಎಡಕ್ಕೆ ದೊಡ್ಡ ಸುತ್ತಾಗಿ ಏರಿದರೆ ಸರಿ. ಮೂತಿ ಮೇಲೆತ್ತಿ ನಿಂತುಬಿಟ್ಟರೆ ಮೂತಿಯ ತುಂಡಿನ ಮೇಲಂಚಿನ ಹಿಂದೆ ಕಾಗದದ ಚೂರು ತುರುಕಿ ಅಚ್ಚನ್ನು ಇನ್ನಷ್ಟು ಕೆಳಗೆ ಮಾಡಿ. ರಬ್ಬರನ್ನು ಮೂರು ಪಟ್ಟು ಎಳೆದು, ಸುತ್ತುತ್ತಾ ಹತ್ತಿರ ಬಂದರೆ 400 ಸುತ್ತು ತಾಳುತ್ತದೆ.

ಆಷಾಢದ ಗಾಳಿಯಲ್ಲಿ ಪೆಟ್ಟಿಗೆ ತೆಗೆಯಲೇಬೇಡಿ. ಕಾರ್ತಿಕದಿಂದ ಸಂಕ್ರಾಂತಿವರೆಗಿನ ಮುಂಜಾವು ಒಳ್ಳೆಯದು. ಬಿಸಿಲೇರಿ ಹದ್ದುಗಳು ರೆಕ್ಕೆ ಬಡಿಯದೆ ಸುತ್ತತೊಡಗಿದರೆ ಬಿಸಿಗಾಳಿ ಎದ್ದಿದೆ ಅಂತ ಅರ್ಥ. 2 ತೊಲದ ವಿಮಾನವನ್ನು ಅದು ಎತ್ತಿಕೊಂಡು ಹೋಗಿಬಿಡುತ್ತದೆ. ಕೆಳಗಿನ ರೆಕ್ಕೆಯ ಅಡಿಯಲ್ಲಿ ನಿಮ್ಮ ಫೋನ್ ನಂಬರ್ ಪೆನ್ಸಿಲಿನಲ್ಲಿ ಬರೆದಿಡಿ.