ಸೀಟಿ ಮನೆಯಲ್ಲಿಟ್ಟು ಪಾರ್ಕಿಗೆ ಹೋದೆ

ಮೂವತ್ತೊಂದು ವರ್ಷ ನಾನು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರನಾಗಿದ್ದೆ. ಕೊರಳಲ್ಲಿ ಸೀಟಿ, ಬಾಯಲ್ಲಿ ಏಕ್, ದೋ, ತೀನ್, ಚಾರ್. ಮೈದಾನದಲ್ಲಿ ಒಬ್ಬ ಹುಡುಗ ಸುಮ್ಮನೆ ನಿಂತಿದ್ದು ಕಂಡರೂ ಮೈ ಉರಿಯುತ್ತಿತ್ತು. ಅಂಥವನು ಈಗ ಬಾಗಲಕೋಟೆಯ ನವನಗರದ ಒಂದು ಪಾರ್ಕಿನಲ್ಲಿ ಬೆಳಬೆಳಗ್ಗೆ ಇಪ್ಪತ್ತು ಮಂದಿಗೆ 'ಏನೂ ಮಾಡಬೇಡಿ, ಹಾಗೇ ಇರಿ' ಅಂತ ಹೇಳುತ್ತೇನೆ. ನನ್ನ ಮನೆಯಾಕೆಗೆ ಇದು ಇನ್ನೂ ನಗುವ ವಿಷಯ.

ಶುರುವಾಗಿದ್ದು ನನ್ನದೇ ಸೊಂಟದಿಂದ. ರಿಟೈರ್ ಆದ ಮೇಲೆ ಓಡಾಟ ನಿಂತಿತು, ಸೊಂಟ ಹಿಡಿಯಿತು. ಚಪ್ಪಲಿ ಹಾಕಿಕೊಳ್ಳಲಿಕ್ಕೂ ಗೋಡೆ ಹಿಡಿಯಬೇಕು. ಡಾಕ್ಟರು ಎಕ್ಸ್‌ರೇ ನೋಡಿ, ಎಲುಬಿಗೆ ಏನೂ ಆಗಿಲ್ಲ, ಬಿಗಿಯಾಗಿದೆ ಅಷ್ಟೇ ಅಂದರು. ಬೆಂಗಳೂರಿನಲ್ಲಿರುವ ಮಗಳು ತಾನು ಹೋಗುತ್ತಿದ್ದ ಯಿನ್ ಯೋಗದ ಕ್ಲಾಸಿಗೆ ನನ್ನನ್ನೂ ಎಳೆದುಕೊಂಡು ಹೋದಳು. ಒಂದು ತಾಸಿನಲ್ಲಿ ಬರೀ ಆರು ಆಸನ. ಒಂದೊಂದರಲ್ಲೂ ನಾಲ್ಕೈದು ನಿಮಿಷ ಬಿದ್ದಿರುವುದು. ಇದಕ್ಕೆ ದುಡ್ಡು ಬೇರೆ ಕೊಡಬೇಕಾ ಅಂದುಕೊಂಡೆ. ಮೂರನೇ ಆಸನದಲ್ಲಿ ಗೊರಕೆ ಹೊಡೆದೆನಂತೆ. ಮರುದಿನ ಪವಾಡವೇನೂ ಆಗಲಿಲ್ಲ. ಆದರೆ ಎರಡು ತಿಂಗಳು ಅಲ್ಲೇ ಇದ್ದು ಬಿಡದೆ ಹೋದೆ. ಒಂದು ಬೆಳಗ್ಗೆ ಗೇಟಿನ ತನಕ ಬಂದ ಮೇಲೆ ನೆನಪಾಯಿತು, ಇವತ್ತು ಗೋಡೆ ಹಿಡಿದೇ ಇಲ್ಲ.

ಯಿನ್ ಯೋಗದ ಹೆಸರು ಚೀನಾದ್ದು, ಬೆಳೆದದ್ದು ಅಮೆರಿಕದಲ್ಲಿ. 1970ರ ದಶಕದ ಕೊನೆಯಲ್ಲಿ ಪಾಲಿ ಜಿಂಕ್ ಎಂಬ ಕುಂಗ್‌ಫು ಪಟು ಚೀನಾದ ತಾವೋ ಪದ್ಧತಿಯ ಯೋಗ ಕಲಿಸಲು ಶುರು ಮಾಡಿದರು. ಅವರ ಹತ್ತಿರ ಕಲಿತ ಪಾಲ್ ಗ್ರಿಲ್ಲಿ ಅದನ್ನು ಶರೀರಶಾಸ್ತ್ರದ ಜೊತೆ ಸೇರಿಸಿ ನಿಧಾನದ ಯೋಗವಾಗಿ ಹರಡಿದರು. ಸೂರ್ಯನಮಸ್ಕಾರದಂಥ ಬಿಸಿ ಏರಿಸುವ ಅಭ್ಯಾಸ ಅವರ ಲೆಕ್ಕದಲ್ಲಿ ಯಾಂಗ್. ತಣ್ಣಗೆ, ಅಲ್ಲಾಡದೆ ಮಾಡುವುದು ಯಿನ್. ಸ್ನಾಯು ಬೇಗ ಮಾತು ಕೇಳುತ್ತದೆ. ಕೀಲಿನ ಸುತ್ತ ಇರುವ ಗಟ್ಟಿ ಪಟ್ಟಿ, ಪದರಗಳು ಹಾಗಲ್ಲ. ಅವಕ್ಕೆ ಹಗುರವಾದ ಎಳೆತ ಬೇಕು, ಜಾಸ್ತಿ ಹೊತ್ತು ಬೇಕು. ಇದನ್ನು ಪಾರ್ಕಿನಲ್ಲಿ ಹೇಳುವಾಗ ನಾನು ಅಥಣಿ ಚಪ್ಪಲಿಯ ಉದಾಹರಣೆ ಕೊಡುತ್ತೇನೆ. ಹೊಸ ಚಪ್ಪಲಿ ಕಚ್ಚುತ್ತದೆ ಅಂತ ಜಗ್ಗಿದರೆ ಪಟ್ಟಿ ಕಿತ್ತು ಬರುತ್ತದೆ. ಎಣ್ಣೆ ಹಚ್ಚಿ ದಿನಾ ಸ್ವಲ್ಪ ಹೊತ್ತು ಹಾಕಿಕೊಂಡರೆ ತಾನೇ ಕಾಲಿಗೆ ಒಗ್ಗುತ್ತದೆ. ಚಪ್ಪಲಿ ಅಂದ ಕೂಡಲೇ ಎಲ್ಲರಿಗೂ ಅರ್ಥವಾಯಿತು.

ಪಾರ್ಕೇ ಯಾಕೆ ಅಂದರೆ, ನಮ್ಮೂರಿನ ಕಥೆ ಹೇಳಬೇಕಾಗುತ್ತದೆ. ಹಳೇ ಬಾಗಲಕೋಟೆಯ ಓಣಿಗಳಲ್ಲಿ ಮನೆ ಮುಂದೆ ಕಟ್ಟೆ ಇರುತ್ತಿತ್ತು. ಸಂಜೆ ಆಯಿತೆಂದರೆ ಜನ ಬಂದು ಕೂತರು, ಅಷ್ಟೇ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಊರಿಗೆ ಬರುತ್ತದೆ ಅಂದಾಗ ಓಣಿಗೆ ಓಣಿಯೇ ಎದ್ದು ನವನಗರಕ್ಕೆ ಬಂತು. ಇಲ್ಲಿ ರಸ್ತೆ ಅಗಲ, ಓಣಿಯ ಬದಲು ಸೆಕ್ಟರ್, ಅಗಸೆಯ ಹೆಸರಿನ ಬದಲು ನಂಬರು. ಕಂಪೌಂಡ್ ಎದ್ದಿತು, ಕಟ್ಟೆ ಹೋಯಿತು. ಗೋಡೆಗೆ ಗೋಡೆ ಹಚ್ಚಿ ಇದ್ದವರು ಈಗ ಯಾವ ಯಾವ ಸೆಕ್ಟರಿನಲ್ಲೋ. ಮನೆಯಲ್ಲಿ ಒಬ್ಬನೇ ಮಾಡಿದಾಗ ನನಗೆ ಎರಡನೇ ನಿಮಿಷಕ್ಕೇ ಮೊಬೈಲ್ ನೋಡಬೇಕು ಅನಿಸುತ್ತಿತ್ತು. ಪಕ್ಕದಲ್ಲಿ ನಾಲ್ಕು ಜನ ಉಸಿರಾಡುತ್ತಿದ್ದರೆ ಹಾಗಾಗದು ಅಂತ ಬೆಂಗಳೂರಿನ ಕ್ಲಾಸಿನಲ್ಲೇ ಗೊತ್ತಾಗಿತ್ತು. ಅದಕ್ಕೇ ವಾಕಿಂಗ್ ಗೆಳೆಯರು ಐದು ಮಂದಿಯನ್ನು ಸೇರಿಸಿ, ಪಾರ್ಕಿನ ಬೇವಿನ ಮರದ ಕೆಳಗೆ ಶುರು ಮಾಡಿದೆ.

ಮೊದಲ ವಾರ ಬಂದ ಒಬ್ಬ ಅಜ್ಜಿ ಎಲ್ಲ ಮುಗಿದ ಮೇಲೆ ಹೇಳಿದರು, "ನಾವು ಕಟ್ಟಿ ಮ್ಯಾಲ ಇದನ್ನ ಮಾಡ್ತಿದ್ವಿ ಬಿಡ್ರಿ ಸರ್ರ. ಮಾತಾಡ್ಕೋತ ಮಾಡ್ತಿದ್ವಿ, ಅಷ್ಟ."

ಸಾಮಾನಿಗೆ ಬರೋಣ. ಬೆಂಗಳೂರಿನಲ್ಲಿ ಬೋಲ್ಸ್ಟರ್ ಅನ್ನುವ ಉದ್ದ ದಿಂಬು, ಬ್ಲಾಕ್, ಬೆಲ್ಟ್ ಅಂತ ಎಲ್ಲ ಇದ್ದವು. ಅವುಗಳ ರೇಟು ಕೇಳಿ ನಾನು ಮಾತು ಬದಲಿಸಿದ್ದೆ. ನಮ್ಮ ಕಡೆ ಪ್ರತಿ ಮನೆಯ ಪೆಟ್ಟಿಗೆಯಲ್ಲೂ ಕೌದಿ ಇರುತ್ತವಲ್ಲ? ಹಳೇ ಸೀರೆ, ಧೋತರ ಪದರ ಪದರ ಇಟ್ಟು ಹೊಲಿದವು. ಯಿನ್ ಯೋಗಕ್ಕೆ ಕೌದಿಯಷ್ಟು ಒಳ್ಳೆಯ ಸಾಮಾನು ನಾನಂತೂ ಕಂಡಿಲ್ಲ. ಮಡಚಿದರೆ ಕೂರಲು ಎತ್ತರ. ಸುರುಳಿ ಸುತ್ತಿ ಲಾಡಿ ಕಟ್ಟಿದರೆ ಎದೆಯ ಕೆಳಗೆ ಲೋಡು. ಸಣ್ಣದಾಗಿ ಮಡಚಿದರೆ ಮೊಣಕಾಲಿಗೆ ಆಸರೆ. ಕೊನೆಗೆ ಶವಾಸನದಲ್ಲಿ ಹೊದಿಕೆಯೂ ಅದೇ. ಬ್ಲಾಕಿನ ಬದಲು ಊಟದ ಮಣೆ. ಬೆಲ್ಟಿನ ಬದಲು ಟಾವೆಲ್. ತೊಡೆಯ ಮೇಲೆ ಭಾರ ಬೇಕಿದ್ದರೆ ಎರಡು ಕಿಲೋ ಜೋಳ ತುಂಬಿದ ಬಟ್ಟೆ ಚೀಲ. ಕೆಳಗೆ ಮೊದಲು ತಾಡಪತ್ರಿ, ಅದರ ಮೇಲೆ ಜಮಖಾನ. ತಾಡಪತ್ರಿ ಇಲ್ಲದಿದ್ದರೆ ಹುಲ್ಲಿನ ಇಬ್ಬನಿ ಹತ್ತು ನಿಮಿಷದಲ್ಲಿ ಜಮಖಾನಕ್ಕೆ ಏರುತ್ತದೆ. ಹಾಸುವ ಮೊದಲು ಇರುವೆ ನೋಡಲೇಬೇಕು. ಓಡುವವನು ಇರುವೆ ಕಚ್ಚಿದರೆ ಒದರಿಕೊಂಡು ಹೋಗುತ್ತಾನೆ, ಐದು ನಿಮಿಷ ಅಲ್ಲಾಡದೆ ಮಲಗಿದವನ ಗತಿ ಬೇರೆ.

ಇಷ್ಟೆಲ್ಲ ಆಸರೆ ಇಟ್ಟುಕೊಂಡು ಮಾಡುವುದು ಯೋಗ ಹೌದಾ ಅಂತ ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್ ಒಬ್ಬರು ಕೇಳಿದರು. ನಾನು ಬಿ.ಕೆ.ಎಸ್. ಅಯ್ಯಂಗಾರರ ಹೆಸರು ಹೇಳಿದೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ ಪುಣೆಯಲ್ಲಿ ಕಲಿಸಿದವರು. ಹಗ್ಗ, ಮರದ ಇಟ್ಟಿಗೆ, ಕುರ್ಚಿ ಎಲ್ಲ ಬಳಸಿ ಅವರು ಜಗತ್ತಿಗೇ ಆಸನ ಕಲಿಸಲಿಲ್ಲವೇ? ಮ್ಯಾನೇಜರ್ ಸಾಹೇಬರು ಮರುದಿನ ಎರಡು ಲೋಡು ತಂದರು, ಗಾದಿಯ ಮೇಲಿನವು, ಗವಸಣಿಗೆ ಸಮೇತ.

ಈಗ ನನ್ನ ತಪ್ಪುಗಳ ಪಟ್ಟಿ. ಎರಡನ್ನು ಮಾತ್ರ ಹೇಳುತ್ತೇನೆ.

ಮೊದಲನೆಯದು, ಬಾಯಿ. ಆಸನದಲ್ಲಿ ಕೂರಿಸಿದ ಮೇಲೆ ನಾನು ಸುಮ್ಮನಿರುತ್ತಲೇ ಇರಲಿಲ್ಲ. 'ಬೆನ್ನು ಬಿಡಿ, ಹೆಗಲು ಇಳಿಸಿ, ಉಸಿರು ನೋಡಿ, ಇನ್ನೂ ಎರಡು ನಿಮಿಷ' ಅಂತ ಒಂದೇ ಸಮನೆ ಕಾಮೆಂಟರಿ. ಒಂದು ದಿನ ಗಂಟಲು ಕಟ್ಟಿತು, ಮಾತೇ ಹೊರಡಲಿಲ್ಲ. ಕೈಸನ್ನೆಯಲ್ಲೇ ಮುಗಿಸಿದೆ. ಅವತ್ತು ಹೋಗುವಾಗ ಮೂವರು ಬಂದು, ಇವತ್ತು ಭಾಳ ಚಲೋ ಆತ್ರಿ ಸರ್ರ ಅಂದರು. ಏನು ಹೇಳಲಿ! ಈಗ ಆಸನ ತೋರಿಸುವಾಗ ನಾಲ್ಕು ಮಾತು, ಆಮೇಲೆ ಬಾಯಿ ಬಂದ್. ಹೊತ್ತು ಮುಗಿದದ್ದು ತಿಳಿಸಲು ಮೊದಲು ದೇವರ ಮನೆಯ ಗಂಟೆ ತಂದಿದ್ದೆ. ಗಣಗಣ ಅಂದಾಗ ಎಲ್ಲರೂ ಬೆಚ್ಚಿ ಏಳುತ್ತಿದ್ದರು. ಈಗ ಭಜನೆಯ ತಾಳ ಇದೆ. ಅಂಚಿಗೆ ಅಂಚು ಮುಟ್ಟಿಸಿದರೆ ಸಾಕು, ನಾದ ತುಂಬಾ ಹೊತ್ತು ತೇಲುತ್ತದೆ. ಆ ನಾದ ಆರುವ ತನಕ ಯಾರೂ ಏಳಬಾರದು ಅನ್ನುವುದೊಂದೇ ನಮ್ಮ ನಿಯಮ.

ಎರಡನೆಯದು, ಕೈ. ಚಿಟ್ಟೆ ಆಸನ ಮಾಡಿಸುತ್ತಿದ್ದೆ. ಶಾಲೆಯಲ್ಲಿ ಮಾಡುವ ಬದ್ಧಕೋನಾಸನದಂತೆ ಹಿಮ್ಮಡಿಯನ್ನು ಒಳಗೆ ಎಳೆದುಕೊಳ್ಳುವುದಿಲ್ಲ ಇದರಲ್ಲಿ. ಅಂಗಾಲು ಜೋಡಿಸಿ ಪಾದವನ್ನು ಒಂದು ಮೊಳ ಮುಂದೆ ಬಿಡುತ್ತೇವೆ. ಬೆನ್ನು ನೆಟ್ಟಗಿರಬೇಕಿಲ್ಲ, ಗೂನಾಗಿ ಮುಂದೆ ಬಾಗಿದರೆ ಸರಿ. ಒಬ್ಬನ ಮೊಣಕಾಲು ಎರಡೂ ಗುಡಿಯ ಗೋಪುರದಂತೆ ಮೇಲೇ ಇದ್ದವು. ನಲವತ್ತರ ಆಸುಪಾಸಿನವನು, ಇಲ್ಲೇ ಹಾರ್ಡ್‌ವೇರ್ ಅಂಗಡಿ. ನನ್ನ ಹಳೆಯ ಶಿಷ್ಯ. ಅಭ್ಯಾಸಬಲ ನೋಡಿ, ಹೋಗಿ ಎರಡೂ ಮೊಣಕಾಲ ಮೇಲೆ ಕೈಯಿಟ್ಟು ಒತ್ತಿದೆ.

ಅವನು ಕಣ್ಣು ತೆರೆಯಲಿಲ್ಲ. ಮೆಲ್ಲಗೆ ಅಂದ, "ಸರ್ರ, ಎಂಟನೇತ್ತೆಗೂ ಹಿಂಗ ಒತ್ತಿದ್ರಿ. ಆವಾಗೂ ಇವು ಕೆಳಗ ಹೋಗಲಿಲ್ರಿ."

ನೆನಪಾಯಿತು. ಆಗಸ್ಟ್ 15ರ ಪ್ರದರ್ಶನಕ್ಕೆ ತಯಾರಿ. ಪದ್ಮಾಸನ ಹಾಕಲು ಬರದ ಹುಡುಗ. ಸೋಮಾರಿ ಅಂತ ಬೈದು ಬಿಸಿಲಲ್ಲಿ ನಿಲ್ಲಿಸಿದ್ದೆ. ಗ್ರಿಲ್ಲಿಯವರು ಮತ್ತೆ ಮತ್ತೆ ಹೇಳುವುದು ಇದನ್ನೇ ಅಂತ ಮಗಳು ತೋರಿಸಿದ್ದಳು, ಎಲುಬಿನ ಚಿತ್ರ ಸಮೇತ. ತೊಡೆಯ ಎಲುಬು ಸೊಂಟದ ಗುಳಿಯಲ್ಲಿ ಕೂತಿರುವ ರೀತಿ ಒಬ್ಬೊಬ್ಬರದು ಒಂದೊಂದು. ಎಲುಬಿಗೆ ಎಲುಬು ತಾಗಿ ನಿಂತರೆ, ನೂರು ವರ್ಷ ಮಾಡಿದರೂ ಮೊಣಕಾಲು ನೆಲ ಮುಟ್ಟದು. ಒತ್ತಿದರೆ ಕೆಡುವುದು ಮೊಣಕಾಲೇ. ಇದೆಲ್ಲ ಗೊತ್ತಿದ್ದೂ ಕೈ ಹೋಗಿತ್ತು. ಕೈ ತೆಗೆದು, ಅವನ ಎರಡೂ ಮೊಣಕಾಲ ಕೆಳಗೆ ಕೌದಿ ಮಡಚಿ ಇಟ್ಟೆ. ಅವತ್ತು ಮುಗಿದ ಮೇಲೆ ಇಬ್ಬರೂ ಚಹಾ ಕುಡಿದೆವು. ಆ ವಿಷಯ ಮಾತಾಡಲಿಲ್ಲ. ಚಹಾದ ದುಡ್ಡು ಅವನೇ ಕೊಟ್ಟ, ನನಗೆ ಕೊಡಲು ಬಿಡಲಿಲ್ಲ. ಅವತ್ತಿನಿಂದ ನಾನು ಯಾರನ್ನೂ ಒತ್ತಿಲ್ಲ.

ಹಾಗಾದರೆ ಎಷ್ಟು ಬಾಗಬೇಕು? ಎಳೆತ ಗೊತ್ತಾಗಬೇಕು, ಮುಖ ಗಂಟಿಕ್ಕಬಾರದು. ಮಂದವಾದ ನೋವಿದ್ದರೆ ಇರಲಿ. ಚುಚ್ಚಿದಂತಾದರೆ, ಉರಿದರೆ, ಜೋಮು ಹಿಡಿದರೆ ತಕ್ಷಣ ಹೊರಗೆ ಬರಬೇಕು, ತಾಳಕ್ಕೆ ಕಾಯಬಾರದು. ಪತಂಜಲಿ ಆಸನಕ್ಕೆ ಕೊಟ್ಟಿರುವ ಲಕ್ಷಣ ಎರಡೇ, ಸ್ಥಿರ ಮತ್ತು ಸುಖ. ಮಾಸ್ತರನಾಗಿ ನಾನು ಮೊದಲನೆಯದನ್ನಷ್ಟೇ ಕಲಿಸಿದ್ದೆ.

ನಮ್ಮ ಒಂದು ತಾಸು ಹೀಗೆ ಹೋಗುತ್ತದೆ. ಐದು ನಿಮಿಷ ಸುಮ್ಮನೆ ಕೂರುವುದು. ಚಿಟ್ಟೆ, ನಾಲ್ಕು ನಿಮಿಷ. ಆಮೇಲೆ ಕಂಬಳಿಹುಳ, ಅಂದರೆ ಕಾಲು ಚಾಚಿ, ಕೌದಿಯ ಮೇಲೆ ಕೂತು, ಲೋಡಿನ ಮೇಲೆ ಒರಗುವುದು. ಸ್ಫಿಂಕ್ಸ್ ಅನ್ನುವ ಭಂಗಿ ಇದೆ. ಬೋರಲು ಮಲಗಿ ಮೊಣಕೈ ಊರಿ ಎದೆ ಎತ್ತುವುದು. ಆ ಹೆಸರು ಇಲ್ಲಿ ಯಾರ ನಾಲಿಗೆಗೂ ಹತ್ತಲಿಲ್ಲ, 'ಪೇಪರ್ ಓದೋ ಆಸನ' ಆಯಿತು. ಅದಾದ ಮೇಲೆ ಅಂಗಾತ ಮಲಗಿ, ಕೈಕಾಲು ಒಂದೇ ಕಡೆಗೆ ಸರಿಸಿ ಬಾಳೆಹಣ್ಣಿನಂತೆ ಬಾಗುವುದು, ಎಡಕ್ಕೆ ಮೂರು, ಬಲಕ್ಕೆ ಮೂರು ನಿಮಿಷ. ಪ್ರತಿ ಆಸನದ ನಂತರ ಒಂದು ನಿಮಿಷ ಮಲಗಿರಲೇಬೇಕು. ರಕ್ತ ಹರಿದಂತೆ, ಏನೋ ಸಡಿಲವಾದಂತೆ ಗೊತ್ತಾಗುವುದು ಆಗಲೇ. ನನಗೆ ಆಸನಕ್ಕಿಂತ ಆ ಒಂದು ನಿಮಿಷವೇ ಜಾಸ್ತಿ ಇಷ್ಟ. ಕೊನೆಗೆ ಮಲಗಿಕೊಂಡೇ ಸೊಂಟ ತಿರುವಿ, ಹತ್ತು ನಿಮಿಷ ಶವಾಸನ. ಮೊಣಕಾಲಿಗೆ ಭಾರ ಬೀಳುವ ಡ್ರ್ಯಾಗನ್, ಸ್ಯಾಡಲ್ ಅನ್ನುವ ಆಸನ ಎರಡನ್ನೂ ಬಿಟ್ಟಿದ್ದೇನೆ. ಮಂಡಿ ಬದಲಿಸಿಕೊಂಡವರು, ಎಲುಬು ಸವೆದವರು, ಬಸುರಿಯರು ಬಂದರೆ ಮೊದಲು ಡಾಕ್ಟರನ್ನು ಕೇಳಿ ಬನ್ನಿ ಅನ್ನುತ್ತೇನೆ. ಬಿ.ಪಿ. ಇದ್ದವರಿಗೆ, ಗ್ಲಾಕೋಮಾ ಇದ್ದವರಿಗೆ ತಲೆ ಕೆಳಗೆ ಮಾಡುವ ಯಾವುದೂ ಬೇಡ.

ಹೆಣ್ಣುಮಕ್ಕಳು ಮೊದಲು ಬರಲು ಹಿಂಜರಿದರು. ಸೀರೆಯುಟ್ಟು ಬಯಲಲ್ಲಿ ಚಿಟ್ಟೆ ಆಸನ ಹೇಗೆ ಅಂತ. ಉಪಾಯ ಹೇಳಿದವರೂ ಅವರೇ. ಗಂಡಸರು ಮುಂದಿನ ಸಾಲು, ಎಲ್ಲರ ಮುಖ ಮರದ ಕಡೆ, ಹೆಂಗಸರು ಹಿಂದೆ. ತೊಡೆಯ ಮೇಲೊಂದು ದುಪ್ಪಟ್ಟಾ. ಈಗ ಅವರೇ ಜಾಸ್ತಿ.

ಬಯಲೆಂದರೆ ಹವಾಮಾನದ ಜೊತೆ ಬಾಳುವೆ. ಏಪ್ರಿಲ್, ಮೇ ತಿಂಗಳಲ್ಲಿ ಏಳಕ್ಕೆಲ್ಲ ನೆಲ ಕಾಯುತ್ತದೆ, ಹಾಗಾಗಿ ಐದೂವರೆಗೆ ಶುರು. ಆಷಾಢದ ಗಾಳಿಗೆ ತಾಡಪತ್ರಿ ಪಟಪಟ ಅನ್ನುತ್ತದೆ, ನಾಲ್ಕು ಮೂಲೆಗೂ ಕಲ್ಲು ಬೇಕು. ಚಳಿಗಾಲದಲ್ಲಿ ಮೈ ಬೇಗ ತಣ್ಣಗಾಗುತ್ತದೆ, ಓಡಾಟವಿಲ್ಲವಲ್ಲ. ಕಾಲುಚೀಲ, ಮಂಕಿ ಕ್ಯಾಪ್, ಮೇಲೆ ಕೌದಿ. ಸೊಳ್ಳೆಗೆ ಬೇವಿನ ಸೊಪ್ಪಿನ ಹೊಗೆ ಹಾಕಿ ನೋಡಿದೆ. ದಮ್ಮು ಇದ್ದವರು ಒಬ್ಬರು ಕೆಮ್ಮಿ ಕೆಮ್ಮಿ ಎದ್ದು ಹೋದರು, ಅಲ್ಲಿಗೆ ಅದು ನಿಂತಿತು. ಜೂನ್ 21ರಂದು ಯೋಗ ದಿನ ಅಂತ ಹೊಸಬರು ತುಂಬಾ ಬರುತ್ತಾರೆ. 22ಕ್ಕೆ ಮತ್ತೆ ನಾವೇ ಇಪ್ಪತ್ತು ಮಂದಿ, ಮತ್ತೊಂದು ನಾಯಿ. ಅದು ಕರೆಕ್ಟಾಗಿ ಶವಾಸನಕ್ಕೆ ಬಂದು ನನ್ನ ಕಾಲ ಹತ್ತಿರ ಮಲಗುತ್ತದೆ.

ಸದ್ದಿನ ಬಗ್ಗೆ ಮೊದಲು ತಲೆಕೆಡಿಸಿಕೊಂಡಿದ್ದೆ. ಮೊಬೈಲಿನಲ್ಲಿ ಕೊಳಲು ಹಾಕುತ್ತಿದ್ದೆ. ಹಾಲಿನವರ ಬೈಕು, ಆಜಾನ್, ಗುಡಿಯ ಮೈಕು, ಕೋಗಿಲೆ, ಇವೆಲ್ಲದರ ಜೊತೆ ಕೊಳಲೂ ಸೇರಿ ಗೊಂದಲವಾಯಿತು. ಕೊಳಲು ಬಂದ್ ಮಾಡಿದೆ, ಉಳಿದದ್ದು ತೊಂದರೆ ಅನಿಸಲಿಲ್ಲ. ಒಂದನ್ನು ಬಿಟ್ಟು. ಕಸದ ಗಾಡಿ. ಅದರ ಹಾಡು ದೂರದಲ್ಲಿ ಕೇಳಿದರೆ ಸಾಕು, ಹಿಂದಿನ ಸಾಲು ಪೂರ್ತಿ ಖಾಲಿ. ಆಳವಾದ ಧ್ಯಾನದಲ್ಲಿದ್ದವರು ಕೌದಿ ಒದ್ದು ಬಕೆಟ್ ಕಡೆ ಓಡುತ್ತಿದ್ದರು. ಗಾಡಿಯ ಹುಡುಗನನ್ನು ಕೇಳಿ, ಅವನು ನಮ್ಮ ಸೆಕ್ಟರಿಗೆ ಬರುವ ಹೊತ್ತಿಗೆ ಮುಗಿಯುವಂತೆ ಟೈಮ್ ಹೊಂದಿಸಿದೆ.

ಹೋದ ದೀಪಾವಳಿ ಮರುವಾರ ಅವನು ಹದಿನೈದು ನಿಮಿಷ ಮೊದಲೇ ಬಂದ. ಶವಾಸನ ಈಗಷ್ಟೇ ಶುರುವಾಗಿತ್ತು. ಹಾಡು ಹತ್ತಿರ ಬಂತು, ಪಾರ್ಕಿನ ಗೇಟಿನ ಮುಂದೆ ಸ್ವಲ್ಪ ಹೊತ್ತು ನಿಂತಿತು, ಮುಂದೆ ಹೋಯಿತು. ಒಂದು ಕಣ್ಣು ತೆರೆದು ನೋಡಿದೆ. ಒಬ್ಬರೂ ಎದ್ದಿರಲಿಲ್ಲ. ಹಬ್ಬದ ಕಸ ಎರಡು ಬಕೆಟ್ ತುಂಬ ನಮ್ಮ ಮನೆಯಲ್ಲೂ ಹಾಗೇ ಉಳಿಯಿತು, ಮನೆಗೆ ಹೋದ ಮೇಲೆ ಬೈಸಿಕೊಂಡೆ. ಮರುದಿನ ಮೂವರು ಎದ್ದು ಹೋದರು.