ಗೊಂಬೆ ಹಬ್ಬದ ಕಾಡಿಗೆ ಪುಟ್ಟ ಪೊದೆಗಳು

ದಸರಾಕ್ಕೆ ಗೊಂಬೆ ಕೂರಿಸಿದಾಗ ಪಟ್ಟದ ಗೊಂಬೆಗಳು ಮೇಲಿನ ಮೆಟ್ಟಿಲಲ್ಲಿದ್ದರೂ ಮಕ್ಕಳು ಮುತ್ತಿಕೊಳ್ಳುವುದು ಕೆಳಗಿನ ಪಾರ್ಕು, ಕಾಡಿನ ಸುತ್ತಲೇ. ಅಲ್ಲಿ ಅಂಗಡಿಯ ಪ್ಲಾಸ್ಟಿಕ್ ಗಿಡ ಇಟ್ಟರೆ ನನಗೆ ಸಮಾಧಾನವಾಗುವುದಿಲ್ಲ. ಎಲ್ಲಾ ಒಂದೇ ಹಸಿರು, ಒಂದೇ ಆಕಾರ. ತೆಂಗಿನ ನಾರು, ಹಳೇ ಸ್ಪಂಜು, ಫೆವಿಕಾಲ್ ಇದ್ದರೆ ಒಳ್ಳೆ ಪೊದೆಗಳನ್ನು ಮನೆಯಲ್ಲೇ ಮಾಡಬಹುದು. ವಾರ ಮುಂಚೆ ಶುರು ಮಾಡಿ, ಒಣಗುವುದಕ್ಕೇ ಜಾಸ್ತಿ ಹೊತ್ತು ಬೇಕು.

ಮೊದಲು ಎಲೆಯ ಕೆಲಸ. ಸ್ಪಂಜನ್ನು ಸಣ್ಣಗೆ ಕತ್ತರಿಸಿ, ಅಡುಗೆಗೆ ಬಳಸದ ಹಳೇ ಮಿಕ್ಸಿ ಜಾರಿಗೆ ಹಾಕಿ, ಮುಳುಗುವಷ್ಟು ನೀರು ಸುರಿದು, ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಪುಡಿಯನ್ನು ಬಟ್ಟೆಯಲ್ಲಿ ಸೋಸಿ ಹಿಂಡಿ, ಅಕ್ರಿಲಿಕ್ ಬಣ್ಣ ಕಲಸಿ, ಪೇಪರ್ ಮೇಲೆ ಹರಡಿ. ಪೋಸ್ಟರ್ ಕಲರ್ ಬೇಡ. ಅದು ಒಣಗಿದ ಮೇಲೂ ನೀರು ತಾಗಿದರೆ ಕರಗುತ್ತದೆ, ನನ್ನ ಮೊದಲ ವರ್ಷದ ಪೊದೆಗಳ ಬಣ್ಣವೆಲ್ಲ ಗೋಂದಿನ ನೀರಿಗೆ ಇಳಿದುಹೋಯಿತು. ಬಾಟಲಿಯ ಹಸಿರನ್ನು ಹಾಗೇ ಹಚ್ಚಬೇಡಿ, ಚೂರು ಕಂದು ಸೇರಿಸಿದರೆ ಕಾಡಿನ ಹಸಿರಾಗುತ್ತದೆ, ಹಳದಿ ಸೇರಿಸಿದರೆ ಚಿಗುರಿನ ಹಸಿರು. ಮೂರು ಬಗೆಯಾದರೂ ಮಾಡಿಕೊಳ್ಳಿ. ಚೆನ್ನಾಗಿ ಒಣಗಿದ ಮೇಲೆ ಜರಡಿ ಹಿಡಿದರೆ ನುಣ್ಣನೆಯದು ನೆಲದ ಪಾಚಿಗೆ, ಉಳಿದದ್ದು ಎಲೆಗೆ.

ಈಗ ಪೊದೆ. ತೆಂಗಿನ ನಾರನ್ನು ಒಂದು ಚಿಟಿಕೆಯಷ್ಟು ತೆಗೆದುಕೊಂಡು ಬೆರಳಲ್ಲಿ ಬಿಡಿಸಿ ಬಿಡಿಸಿ ಸಡಿಲ ಉಂಡೆ ಮಾಡಿ. ಇಡೀ ಕೆಲಸದಲ್ಲಿ ಇದೇ ಮುಖ್ಯ: ಉಂಡೆಯ ಆಚೆ ಕಡೆಯ ಬೆಳಕು ಕಾಣಬೇಕು, ಯಾಕೆಂದರೆ ನಿಜವಾದ ಪೊದೆಯೊಳಗೂ ಗಾಳಿ ಬೆಳಕು ಆಡುತ್ತದೆ ಅಲ್ವಾ? ಬಿಗಿಯಾಗಿ ಸುತ್ತಿದರೆ ಲಾಡು ಥರ ಕಾಣುತ್ತದೆ. ಫೆವಿಕಾಲ್‌ಗೆ ಅಷ್ಟೇ ನೀರು ಬೆರೆಸಿ, ಅದರಲ್ಲಿ ಉಂಡೆಯನ್ನು ಅದ್ದಿ ಒದರಿ, ಪುಡಿಯಲ್ಲಿ ಹೊರಳಿಸಿ. ಕೆಳಗೆ ಕಡು ಹಸಿರು, ನೆತ್ತಿಯ ಮೇಲೆ ಸ್ವಲ್ಪ ಚಿಗುರು ಹಸಿರು ಉದುರಿಸಿ. ರಾತ್ರಿಯೆಲ್ಲಾ ಒಣಗಲು ಬಿಡಿ. ಲಂಟಾನ ಪೊದೆ ಬೇಕಿದ್ದರೆ ಒಣಗಿದ ಮೇಲೆ ಟೂತ್‌ಪಿಕ್ ತುದಿಯಲ್ಲಿ ಕಿತ್ತಳೆ, ಗುಲಾಬಿ ಬಣ್ಣದ ಚುಕ್ಕೆ ಇಡಿ. ಕೆರೆ ಅಂಚಿನ ಜೊಂಡಿಗೆ ಹುಲ್ಲು ಪೊರಕೆಯ ತುದಿ ಕತ್ತರಿಸಿ ಕಟ್ಟಿದರೆ ಸಾಕು.

ಅಳತೆಗೆ ನಿಮ್ಮ ಗೊಂಬೆಯನ್ನೇ ಪಕ್ಕದಲ್ಲಿಟ್ಟು ನೋಡಿ. ಮನುಷ್ಯರ ಗೊಂಬೆ 3 ಇಂಚಿದ್ದರೆ ಸೊಂಟದೆತ್ತರದ ಪೊದೆ ಒಂದೂವರೆ ಇಂಚು. ಆನೆಯ ಪಕ್ಕ ಆನೆಗಿಂತ ದೊಡ್ಡ ಪೊದೆ ಇಟ್ಟರೆ ಆನೆಯೇ ಮರಿಯಂತೆ ಕಾಣುತ್ತದೆ.

ನೆಲಕ್ಕೆ ಥರ್ಮಕೋಲ್ ಹಾಕಿದ್ದರೆ ಸ್ಪ್ರೇ ಪೇಂಟ್ ಹೊಡೆಯಬೇಡಿ, ಅದು ಥರ್ಮಕೋಲನ್ನು ತಿಂದು ಗುಂಡಿ ಮಾಡುತ್ತದೆ. ಕಂದು ಅಕ್ರಿಲಿಕ್ ಬಳಿದು, ಫೆವಿಕಾಲ್ ಹಚ್ಚಿ, ಜರಡಿ ಹಿಡಿದ ಒಣ ಮಣ್ಣು ಉದುರಿಸಿ. ಪೊದೆಗಳನ್ನು ಸಾಲಾಗಿ ನೆಡಬೇಡಿ. ಕಲ್ಲಿನ ಬುಡ, ನೀರಿನ ಅಂಚು, ಬೇಲಿಯ ಮೂಲೆ, ಇಂಥ ಕಡೆ ಒಂದು ದೊಡ್ಡದು, ಅದಕ್ಕೆ ಒರಗಿದಂತೆ ಎರಡು ಚಿಕ್ಕವು ಇಟ್ಟು, ಬುಡದಲ್ಲಿ ನುಣ್ಣನೆಯ ಪುಡಿ ಉದುರಿಸಿದರೆ ಅಲ್ಲೇ ಹುಟ್ಟಿದ ಹಾಗೆ ಕಾಣುತ್ತವೆ. ದಾರಿಯ ಮಧ್ಯೆ ಬರೀ ಮಣ್ಣು ಬಿಡಿ.

ರಾಗಿ, ಸಾಸಿವೆಯ ಪೈರು ಬೆಳೆಸುವವರು ಅದನ್ನು ಬೇರೆ ತಟ್ಟೆಯಲ್ಲೇ ಬೆಳೆಸಿ. ದಿನಾ ಚಿಮುಕಿಸುವ ನೀರು ಪೊದೆಗೆ ತಾಗಿದರೆ ಫೆವಿಕಾಲ್ ಮೆತ್ತಗಾಗಿ ಎಲೆಯೆಲ್ಲ ಉದುರುತ್ತದೆ. ಹಬ್ಬ ಮುಗಿದ ಮೇಲೆ ಪೊದೆಗಳನ್ನು ಒಣ ಡಬ್ಬಿಯಲ್ಲಿ, ಒಂದರ ಮೇಲೊಂದು ಒತ್ತದ ಹಾಗೆ ಎತ್ತಿಡಿ. ಮುಂದಿನ ವರ್ಷ ಉದುರಿದ ಕಡೆ ಒಂದಿಷ್ಟು ಗೋಂದು, ಒಂದಿಷ್ಟು ಪುಡಿ ಹಾಕಿದರೆ ಆಯಿತು.