ಹುಳ ಮೇಯುವ ಸದ್ದನ್ನು ಫೋನಿನಲ್ಲಿ ಹಿಡಿದಿದ್ದು

ಶಿಡ್ಲಘಟ್ಟದ ಒಂದು ಓಣಿಯಲ್ಲಿ ರೇಷ್ಮೆ ನೂಲು ಬಿಚ್ಚುವ ಸಣ್ಣ ಶೆಡ್ಡು. ಅಲ್ಲಿ ನಲವತ್ತು ವರ್ಷ ಬಿಸಿನೀರಿನ ತೊಟ್ಟಿ ಮುಂದೆ ಕೂತು ಗೂಡು ಬೇಯಿಸಿ ಎಳೆ ತೆಗೆದ ಒಬ್ಬರು ಅಜ್ಜಿ. ನಾನು ಆಡಿಯೋ ವರದಿ ಶುರು ಮಾಡಿದ ಹೊಸತರಲ್ಲಿ ಮೊದಲು ಮಾತಾಡಿಸಿದ್ದು ಅವರನ್ನೇ. ಫೋನನ್ನು ಪಕ್ಕದ ಸ್ಟೂಲ್ ಮೇಲಿಟ್ಟು ರೆಕಾರ್ಡ್ ಒತ್ತಿದೆ. ಮುಕ್ಕಾಲು ಗಂಟೆ ಮಾತಾಡಿದೆವು. ಮದುವೆಯಾದ ವರ್ಷವೇ ಬೆರಳು ಊದಿಕೊಂಡು ಉಂಗುರ ಬಿಚ್ಚಿಡಬೇಕಾಯಿತು, ಆಮೇಲೆ ಅದು ಮತ್ತೆ ಬೆರಳಿಗೆ ಹೋಗಲೇ ಇಲ್ಲ ಅಂತ ಹೇಳುವಾಗ ಅವರ ದನಿ ತೀರಾ ಸಣ್ಣದಾಯಿತು.

ಮನೆಗೆ ಬಂದು ಕೇಳಿದರೆ ಬರೀ ಶೆಡ್ಡಿನ ಮೋಟರ್. ಗುಂಯ್ ಅನ್ನುವ ಒಂದೇ ಸದ್ದು, ಅದರ ಹಿಂದೆ ಎಲ್ಲೋ ಪಕ್ಕದ ಮನೆಯಿಂದ ಬಂದ ಹಾಗೆ ಅಜ್ಜಿಯ ಮಾತು. ಉಂಗುರದ ಮಾತಂತೂ ಒಂದಕ್ಷರ ತಿಳಿಯುವುದಿಲ್ಲ. ಮುಂದಿನ ವಾರ ಮತ್ತೆ ಹೋಗಿ ಕೇಳಿದೆ. "ಹೇಳಿದ್ನಲ್ಲಮ್ಮ ಅವತ್ತೇ, ಬೆರಳು ಊದ್ಕೊಂಡ್ತು, ಉಂಗ್ರ ಹೋಗ್ಲಿಲ್ಲ" ಅಂದರು, ಅಷ್ಟೇ. ವಿಷಯ ಸಿಕ್ಕಿತು, ಆ ದನಿ ಸಿಗಲಿಲ್ಲ. ಬರೆಯುವ ವರದಿಯಾಗಿದ್ದರೆ ನೋಟ್ ಪುಸ್ತಕ ನೋಡಿ ಬರೆದುಬಿಡಬಹುದಿತ್ತು. ಆಡಿಯೋದಲ್ಲಿ ಜನ ಒಂದು ಮಾತನ್ನು ಮನಸ್ಸಿನಿಂದ ಹೇಳುವುದು ಒಂದೇ ಸಲ. ಅದಕ್ಕೇ ಇದನ್ನೆಲ್ಲ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ಆಗ ನಾನು ಫೋನನ್ನೇ ದೂರಿದ್ದೆ. ಕಡಿಮೆ ಬೆಲೆಯದು, ಅದರ ಮೈಕ್ ಸರಿಯಿಲ್ಲ ಅಂದುಕೊಂಡೆ. ಗೆಳತಿಯ ದುಬಾರಿ ಫೋನು ಇಸಕೊಂಡು ಹೋಗಿ ಅದೇ ಶೆಡ್ಡಿನಲ್ಲಿ ಅದೇ ಸ್ಟೂಲ್ ಮೇಲಿಟ್ಟು ನೋಡಿದೆ. ಅದೇ ಗುಂಯ್. ಆಮೇಲೆ ನನ್ನ ಹಳೇ ಫೋನನ್ನೇ ಕೈಯಲ್ಲಿ ಹಿಡಿದು ಅಜ್ಜಿಯ ಬಾಯಿಯಿಂದ ಒಂದು ಗೇಣು ದೂರಕ್ಕೆ ತಂದೆ. ಮೋಟರ್ ಓಡುತ್ತಲೇ ಇತ್ತು, ಆದರೂ ಮಾತು ಸ್ಪಷ್ಟವಾಗಿ ಮುಂದೆ ಬಂತು. ಲೆಕ್ಕ ಸುಲಭ: ಬಾಯಿಗೂ ಮೈಕಿಗೂ ಇರುವ ದೂರ ಅರ್ಧವಾದರೆ ಮಾತಿನ ಮಟ್ಟ ಸುಮಾರು 6 ಡೆಸಿಬಲ್ (ಸದ್ದು ಅಳೆಯುವ ಮಾನ) ಏರುತ್ತದೆ. ದೂರದಲ್ಲಿರುವ ಮೋಟರ್ ಮಾತ್ರ ಇದ್ದಷ್ಟೇ ಇರುತ್ತದೆ. ನಾಲ್ಕು ಗೇಣಿನಿಂದ ಒಂದು ಗೇಣಿಗೆ ಬಂದರೆ 12 ಡೆಸಿಬಲ್ ಲಾಭ. ಆಮೇಲೆ ಸಾಫ್ಟ್‌ವೇರಿನಲ್ಲಿ ಬರೀ ದನಿ ಏರಿಸಿ ಈ ಲಾಭ ಪಡೆಯಲು ಆಗುವುದಿಲ್ಲ, ಯಾಕಂದರೆ ಮೋಟರೂ ಜೊತೆಗೇ ಏರುತ್ತದೆ.

ಹತ್ತಿರ ಅಂದರೆ ಬಾಯಿಗೆ ನೇರವಾಗಿ ಅಲ್ಲ. ಪ, ಬ, ಭ ಅಂದಾಗ ಹೊರಡುವ ಗಾಳಿ ಮೈಕಿಗೆ ಹೊಡೆದು ಡಬ್ ಅನ್ನುತ್ತದೆ. ಸ್ವಲ್ಪ ಪಕ್ಕಕ್ಕೆ, ಗದ್ದದ ಕೆಳಗಿನಿಂದ ಓರೆಯಾಗಿ ಹಿಡಿಯಬೇಕು. ಮೈಕ್ ಎಲ್ಲಿದೆ ಅಂತಲೂ ಮೊದಲು ಗೊತ್ತಿರಬೇಕು ಅಲ್ವಾ? ಹೆಚ್ಚಿನ ಫೋನುಗಳಲ್ಲಿ ಮುಖ್ಯ ಮೈಕ್ ಇರುವುದು ಕೆಳಗಡೆ, ಚಾರ್ಜರ್ ಚುಚ್ಚುವ ಜಾಗದ ಪಕ್ಕದ ಸಣ್ಣ ತೂತಿನಲ್ಲಿ. ರೆಕಾರ್ಡಿಂಗ್ ಹಾಕಿ ಪ್ರತಿ ತೂತಿನ ಹತ್ತಿರವೂ ಉಗುರಿನಿಂದ ಮೆಲ್ಲಗೆ ಕೆರೆದು ಕೇಳಿ ನೋಡಿ, ಎಲ್ಲಿ ಜೋರಾಗಿ ಬರುತ್ತದೋ ಅದೇ. ನಾನು ಆವತ್ತು ಸ್ಟೂಲ್ ಮೇಲಿಟ್ಟಾಗ ಆ ತೂತು ಮೋಟರ್ ಕಡೆಗೆ ತಿರುಗಿತ್ತು.

ಸೆಟ್ಟಿಂಗ್ ವಿಚಾರ ಬೇಗ ಮುಗಿಸುತ್ತೇನೆ. ಏರೋಪ್ಲೇನ್ ಮೋಡ್ ಹಾಕುವುದು ಕಡ್ಡಾಯ. ಒಂದು ಕರೆ ಬಂದರೆ ಕೆಲವು ಫೋನುಗಳಲ್ಲಿ ರೆಕಾರ್ಡಿಂಗ್ ಅಲ್ಲಿಗೇ ನಿಂತುಬಿಡುತ್ತದೆ, ನಮಗೆ ತಿಳಿಯುವುದೂ ಇಲ್ಲ. ಫೈಲು ದನಿಯನ್ನು ಹಿಂಡುವ ಎಂಪಿ3 ಬೇಡ, ಹಿಂಡದೆ ಇಡುವ ವೇವ್ (WAV) ಇರಲಿ. 48 ಕಿಲೋಹರ್ಟ್ಸ್, 16 ಬಿಟ್, ಮೋನೋ. ಹೀಗಿಟ್ಟರೆ ನಿಮಿಷಕ್ಕೆ 6 ಎಂಬಿಗಿಂತ ಸ್ವಲ್ಪ ಕಡಿಮೆ, ಗಂಟೆಗೆ ಸುಮಾರು 350 ಎಂಬಿ ಆಗುತ್ತದೆ. ಹೊರಡುವ ಮುಂಚೆ ಫೋನಿನಲ್ಲಿ ಜಾಗ ಎಷ್ಟಿದೆ, ಚಾರ್ಜ್ ಎಷ್ಟಿದೆ ನೋಡಿಕೊಳ್ಳಿ. ಆ್ಯಪ್‌ನಲ್ಲಿ ಮೀಟರ್ ಇದ್ದರೆ ಜೋರಾದ ಮಾತು ಮೈನಸ್ 12ರಿಂದ ಮೈನಸ್ 6 ಡೆಸಿಬಲ್ ನಡುವೆ ಆಡುತ್ತಿರಲಿ. ಸೊನ್ನೆ ಮುಟ್ಟಿದರೆ ದನಿ ಒಡೆಯುತ್ತದೆ, ಒಡೆದ ದನಿ ಪೂರ್ತಿ ರಿಪೇರಿಯಾಗುವುದಿಲ್ಲ. ಕಡಿಮೆ ಬಂದಿದ್ದನ್ನಾದರೂ ಏರಿಸಿಕೊಳ್ಳಬಹುದು.

ಒಂದು ಸೆಟ್ಟಿಂಗ್ ಬಗ್ಗೆ ಮಾತ್ರ ನಿಧಾನವಾಗಿ ಹೇಳಬೇಕು. ಅದನ್ನು ನನಗೆ ಕಲಿಸಿದ್ದು ರೇಷ್ಮೆ ಹುಳ.

ಜಂಗಮಕೋಟೆ ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ಹುಳ ನಾಲ್ಕನೇ ಜ್ವರದಿಂದ, ಅಂದರೆ ಮೇವು ಬಿಟ್ಟು ಪೊರೆ ಕಳಚುವ ಹಂತದಿಂದ, ಎದ್ದು ಎರಡು ದಿನವಾಗಿತ್ತು. ಆ ಹೊತ್ತಿನಲ್ಲಿ ಅವುಗಳ ಹಸಿವು ನೋಡಬೇಕು. ಒಂದು ಬೆಳೆಗೆ ಬೇಕಾಗುವ ಸೊಪ್ಪಿನಲ್ಲಿ ಬಹುಪಾಲು ಖರ್ಚಾಗುವುದು ಈ ಕೊನೆಯ ಏಳೆಂಟು ದಿನದಲ್ಲೇ. ಹುಳದ ಮನೆಗೆ ಹೊರಗಿನವರನ್ನು ಸುಲಭಕ್ಕೆ ಬಿಡುವುದಿಲ್ಲ, ಬಿಡಲೂಬಾರದು, ರೋಗ ಹತ್ತಿದರೆ ಇಡೀ ಬೆಳೆ ಹೋಗುತ್ತದೆ. ಮನೆಯ ಯಜಮಾನರು ಕೈಕಾಲು ತೊಳೆಸಿ, ಸೆಂಟ್ ಹಾಕಿಲ್ಲ ತಾನೇ ಅಂತ ಕೇಳಿ, ಆಮೇಲೆ ಒಳಗೆ ಬಿಟ್ಟರು. ಆಗಷ್ಟೇ ಹಿಪ್ಪುನೇರಳೆ ಸೊಪ್ಪು ಹರಡಿದ್ದರು. ಒಂದೆರಡು ನಿಮಿಷದಲ್ಲಿ ಸದ್ದು ಶುರುವಾಯಿತು. ಸಾವಿರಾರು ಬಾಯಿ ಒಟ್ಟಿಗೆ ಎಲೆ ಕತ್ತರಿಸುವ ಸರಸರ, ಒಣಗಿದ ರಾಗಿ ಹುಲ್ಲಿನ ಮೇಲೆ ಸೋನೆ ಹಿಡಿದ ಹಾಗೆ. ಐದು ನಿಮಿಷ ರೆಕಾರ್ಡ್ ಮಾಡಿದೆ.

ಹೊರಗೆ ಬಂದು ಕೇಳಿದರೆ ಮೊದಲ ಎರಡು ಸೆಕೆಂಡು ಸದ್ದಿದೆ, ಆಮೇಲೆ ಮೆಲ್ಲಗೆ ಕರಗಿ ಏನೂ ಇಲ್ಲ. ಫೋನು ಕೆಟ್ಟಿರಲಿಲ್ಲ. ಅದು ಮನುಷ್ಯರ ಮಾತಿಗಾಗಿ ಮಾಡಿದ ಯಂತ್ರ. ಒಂದೇ ಸಮನೆ ಬರುವ ಸದ್ದನ್ನು ಗದ್ದಲ ಅಂತ ತಿಳಿದು ತಾನೇ ಅಳಿಸುತ್ತದೆ. ಫ್ಯಾನಿನ ಸದ್ದು ಅಳಿಸುವ ಜಾಣತನವೇ ಹುಳದ ಸದ್ದನ್ನೂ ಅಳಿಸಿತ್ತು. ರೆಕಾರ್ಡಿಂಗ್ ಆ್ಯಪ್‌ಗಳ ಸೆಟ್ಟಿಂಗ್‌ನಲ್ಲಿ ನಾಯ್ಸ್ ರಿಡಕ್ಷನ್, ಆಟೋ ಗೇನ್ ಅಂತ ಇರುತ್ತದಲ್ಲ, ಎರಡನ್ನೂ ಆಫ್ ಮಾಡಿ. ಆಟೋ ಗೇನ್ ಇದ್ದರೆ ಇನ್ನೊಂದು ಕಾಟ: ಮಾತಾಡುವವರು ಸ್ವಲ್ಪ ನಿಲ್ಲಿಸಿದ ಕೂಡಲೇ ಹಿಂದಿನ ಗದ್ದಲವನ್ನು ಎತ್ತಿ ತರುತ್ತದೆ, ಮತ್ತೆ ಮಾತು ಬಂದಾಗ ಇಳಿಸುತ್ತದೆ. ಕೇಳುವವರಿಗೆ ಯಾರೋ ಬಾಗಿಲು ತೆಗೆದು ಹಾಕಿ ಮಾಡಿದ ಹಾಗೆ ಇರುತ್ತದೆ. ಫೋನಿನ ಜೊತೆ ಬರುವ ರೆಕಾರ್ಡರ್‌ನಲ್ಲಿ ಆಫ್ ಮಾಡಲು ಆಗದಿದ್ದರೆ ಬೇರೆ ಆ್ಯಪ್ ಹಾಕಿಕೊಳ್ಳಿ. ಕೆಲವು ಆ್ಯಪ್‌ಗಳಲ್ಲಿ ಯಾವ ಮೂಲದಿಂದ ಸದ್ದು ತೆಗೆದುಕೊಳ್ಳಬೇಕು ಅಂತ ಆರಿಸಬಹುದು, ಅಲ್ಲಿ ಸಂಸ್ಕರಿಸದ ದನಿ ಅನ್ನುವ ಅರ್ಥದ ಆಯ್ಕೆ ಇದ್ದರೆ ಅದನ್ನೇ ಒತ್ತಿ.

ಸಂಜೆ ಮತ್ತೆ ಸೊಪ್ಪು ಹಾಕುವ ಹೊತ್ತಿಗೆ ಕಾದು ಹೋದೆ. ಈ ಸಲ ಸದ್ದು ಬಂತು, ಜೊತೆಗೆ ನನ್ನ ಉಸಿರೂ ಬಂತು, ಕೈ ಬೆರಳು ಫೋನಿನ ಕವರ್ ಮೇಲೆ ಜರುಗುವ ಕಿರಿಕಿರಿಯೂ ಬಂತು. ಕೊನೆಗೆ ಕವರ್ ಬಿಚ್ಚಿ, ಅವರ ಮನೆಯ ಒಗೆದ ಟವೆಲ್ ಸುತ್ತಿ ಸಿಂಬೆ ಮಾಡಿ, ಹುಳದ ತಟ್ಟೆಯ ಅಂಚಿಗೆ ಹತ್ತಿರದಲ್ಲಿ ಫೋನನ್ನು ಅದರ ಮೇಲಿಟ್ಟು ನಾನು ಹೊರಗೆ ಬಂದುಬಿಟ್ಟೆ. ಹತ್ತು ನಿಮಿಷ ಬಿಟ್ಟು ತೆಗೆದುಕೊಂಡೆ. ನನ್ನ ಬಳಿ ಇರುವ ಅತಿ ಚೆನ್ನಾದ ರೆಕಾರ್ಡಿಂಗ್ ಇವತ್ತಿಗೂ ಅದೇ.

ಆದರೆ ಅದನ್ನು ಊರಿನ ನಾಲ್ಕು ಜನಕ್ಕೆ ಕೇಳಿಸಿದಾಗ ಮೂವರು ಮಳೆ ಅಂದರು. ಸದ್ದು ತಾನು ಏನು ಅಂತ ತಾನೇ ಹೇಳುವುದಿಲ್ಲ. ಮತ್ತೆ ಯಜಮಾನರ ಹತ್ತಿರ ಹೋಗಿ, ಜನ ಇದನ್ನು ಮಳೆ ಅಂದುಕೊಂಡರು ಅಂತ ಹೇಳಿದೆ. ನಕ್ಕುಬಿಟ್ಟರು. "ಮಳೆ ಅಲ್ಲಮ್ಮ ಅದು, ಹುಳ ಮೇಯ್ತಾ ಇರೋದು. ಈ ಸದ್ದು ಕೇಳ್ದೆ ಇದ್ರೆ ನಮಗೆ ನಿದ್ದೆ ಬರಲ್ಲ" ಅಂದರು. ರೆಕಾರ್ಡಿಂಗ್ ಓಡುತ್ತಿತ್ತು. ವರದಿ ಶುರುವಾಗಿದ್ದು ಹಾಗೇ: ಹತ್ತು ಸೆಕೆಂಡು ಸರಸರ, ಆಮೇಲೆ ಅವರ ಆ ಮಾತು.

ಕಾಲರ್ ಮೈಕ್ ಆಮೇಲೆ ತಗೊಂಡೆ. ವೈರ್ ಇರುವ ಸಾದಾ ಮೈಕ್, ಸಾವಿರ ರೂಪಾಯಿಯೊಳಗೆ ಬಂತು. ಕೂತು ಮಾಡುವ ಸಂದರ್ಶನಕ್ಕೆ ಬಹಳ ಒಳ್ಳೆಯದು, ಕೈ ನೋವಿಲ್ಲ, ಎದುರಿನವರೂ ಹತ್ತು ನಿಮಿಷದಲ್ಲಿ ಅದನ್ನು ಮರೆತುಬಿಡುತ್ತಾರೆ. ಕೊಳ್ಳುವಾಗ ಪಿನ್ ನೋಡಿ. ಪಿನ್ ಮೇಲೆ ಮೂರು ಗೆರೆ ಇದ್ದರೆ ಹೆಡ್‌ಫೋನ್ ತೂತು ಇರುವ ಫೋನಿಗೆ ಆಗುತ್ತದೆ. ಎರಡೇ ಗೆರೆ ಇದ್ದರೆ ಅದು ಕ್ಯಾಮೆರಾದ್ದು, ಫೋನಿಗೆ ಚುಚ್ಚಲು ಬೇರೆ ಅಡಾಪ್ಟರ್ ಬೇಕು. ಸುಮ್ನೆ ಚುಚ್ಚಿದರೆ ಫೋನು ತನ್ನ ಸ್ವಂತ ಮೈಕಿನಿಂದಲೇ ರೆಕಾರ್ಡ್ ಮಾಡುತ್ತಾ ಕೂರುತ್ತದೆ. ಚುಚ್ಚಿದ ಮೇಲೆ ಕಾಲರ್ ಮೈಕನ್ನು ಬೆರಳಲ್ಲಿ ತಟ್ಟಿ ಮೀಟರ್ ಕುಣಿಯುತ್ತದಾ ನೋಡಿ. ಇದಕ್ಕೆ ಐದು ಸೆಕೆಂಡು ಸಾಕು. ಬ್ಲೂಟೂತ್ ಇಯರ್‌ಫೋನಿನ ಮೈಕ್ ಮಾತ್ರ ಬೇಡ, ದನಿ ಕಿರಿದಾಗಿ ಫೋನ್ ಕರೆಯ ದನಿಯ ಹಾಗೆ ಬರುತ್ತದೆ.

ಕಾಲರ್ ಮೈಕ್ ಅನ್ನುವ ಹೆಸರೇ ಅಂಗಿ ತೊಟ್ಟವರಿಗಾಗಿ ಇಟ್ಟಿದ್ದು. ನಮ್ಮ ಕಡೆ ಸೀರೆ ಉಟ್ಟ ಹೆಂಗಸರನ್ನು ಮಾತಾಡಿಸುವಾಗ ಸೆರಗಿಗೆ ಸಿಕ್ಕಿಸಿದರೆ ಸೆರಗು ಜಾರಿದಾಗಲೆಲ್ಲ ಬರಬರ ಅನ್ನುತ್ತದೆ. ಎದೆಯ ಮಧ್ಯೆ ಹಾಕಿದರೆ ತಾಳಿ, ಕರಿಮಣಿ ಸರ ತಾಕಿ ಟಿಣ್ ಟಿಣ್. ನಾನು ರವಿಕೆಯ ಕತ್ತಿನ ಅಂಚಿಗೆ, ಭುಜದ ಹತ್ತಿರ ಹಾಕಿಸುತ್ತೇನೆ, ಅದೂ ಅವರ ಕೈಯಲ್ಲೇ. ಸೆರಗಿನ ಪಿನ್ನನ್ನು ಸ್ವಲ್ಪ ಹಿಂದಕ್ಕೆ ಹಾಕಿಕೊಳ್ಳಿ ಅಂತ ಕೇಳುತ್ತೇನೆ. ಬಳೆ ಜಾಸ್ತಿ ಇದ್ದು ಕೈ ಆಡಿಸಿ ಮಾತಾಡುವವರಾದರೆ ಕಾಲರ್ ಮೈಕ್ ಬಿಟ್ಟು ಫೋನನ್ನೇ ಹಿಡಿಯುತ್ತೇನೆ. ಬಳೆ ತೆಗೆಯಿರಿ ಅಂತ ಯಾರಿಗೂ ಹೇಳುವುದಿಲ್ಲ.

ಗಾಳಿ ದೊಡ್ಡ ಶತ್ರು. ಹಿಪ್ಪುನೇರಳೆ ತೋಟದಲ್ಲಿ ನಿಂತು ಮಾತಾಡಿಸಿದರೆ ಕಿವಿಗೆ ತಂಗಾಳಿ, ಮೈಕಿಗೆ ಬಿರುಗಾಳಿ. ಮೈಕಿನ ಜೊತೆ ಬರುವ ಸ್ಪಂಜು ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ನನಗೆ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ಮಗುವಿನ ಹಳೇ ಉಣ್ಣೆ ಕುಲಾವಿ. ಒಂದು ಪದರ ಸಡಿಲವಾಗಿ ಹೊದಿಸಿದರೆ ಸಾಕು, ಬಿಗಿದು ಸುತ್ತಿದರೆ ಮಾತು ಮಂಕಾಗುತ್ತದೆ. ಇಷ್ಟಾದರೂ ಗಾಳಿಗೆ ನಾನು ಬೆನ್ನು ಕೊಟ್ಟು, ಮೈಕನ್ನು ಮೈಯ ಮರೆಯಲ್ಲಿ ಹಿಡಿದು ನಿಲ್ಲುವುದು ಬಿಟ್ಟಿಲ್ಲ.

ಮನೆಯೊಳಗೆ ಹೋದರೆ ಮೊದಲು ಒಂದು ನಿಮಿಷ ಕಣ್ಣು ಮುಚ್ಚಿ ಕೇಳುತ್ತೇನೆ. ಫ್ಯಾನು, ಫ್ರಿಜ್ಜು, ಟ್ಯೂಬ್‌ಲೈಟಿನ ಚೋಕು, ಪಕ್ಕದ ಮನೆಯ ಮಿಕ್ಸಿ. ನಮ್ಮ ಕಿವಿ ಇವನ್ನು ತಾನಾಗಿ ಬದಿಗೆ ಸರಿಸುತ್ತದೆ, ಮೈಕ್ ಸರಿಸುವುದಿಲ್ಲ. ಫ್ಯಾನು ಆಫ್ ಮಾಡಿ ಅಂತ ಕೇಳಲು ಮೊದಮೊದಲು ಸಂಕೋಚವಾಗುತ್ತಿತ್ತು, ಅದೂ ಏಪ್ರಿಲ್ ತಿಂಗಳಲ್ಲಿ. ಈಗ ಕೇಳುತ್ತೇನೆ, ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ಫ್ಯಾನು ಹಾಕಿಸುತ್ತೇನೆ. ಖಾಲಿ ಗೋಡೆಯ, ಸಿಮೆಂಟಿನ ಹೊಸ ಮನೆಗಳಲ್ಲಿ ದನಿ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಹಾಸಿಗೆ, ಬಟ್ಟೆಯ ರಾಶಿ ಇರುವ ಕೋಣೆ ಕೇಳಿ ಅಲ್ಲಿ ಕೂರಿ. ನನ್ನ ನಿರೂಪಣೆಯನ್ನು ನಾನು ಮಾಡುವುದು ಬೆಳಗಿನ ಜಾವ, ಬಾಗಿಲಿಗೆ ಕಂಬಳಿ ನೇತುಹಾಕಿ, ಬಟ್ಟೆ ತುಂಬಿದ ಬೀರು ತೆರೆದು ಅದರ ಮುಂದೆ ಕೂತು.

ಮಾತಾಡಿಸುವಾಗ ಹೂಂ ಹೂಂ ಅನ್ನುವ ಅಭ್ಯಾಸ ಬಿಡಲು ನನಗೆ ತಿಂಗಳುಗಟ್ಟಲೆ ಹಿಡಿಯಿತು. ಎದುರಿನವರ ಒಳ್ಳೆಯ ಮಾತಿನ ಮೇಲೆಲ್ಲ ನನ್ನ ಹೂಂ ಕೂತಿರುತ್ತಿತ್ತು. ಈಗ ಬರೀ ತಲೆ ಆಡಿಸುತ್ತೇನೆ, ಕಣ್ಣಲ್ಲಿ ಕಣ್ಣಿಟ್ಟು ಕೇಳುತ್ತೇನೆ. ಅವರು ನಿಲ್ಲಿಸಿದ ಮೇಲೂ ಎರಡು ಮೂರು ಸೆಕೆಂಡು ಸುಮ್ಮನಿರುತ್ತೇನೆ. ಆ ಮೌನದ ಆಚೆಗೆ ಎಷ್ಟೋ ಸಲ ನಿಜವಾದ ಮಾತು ಬರುತ್ತದೆ. ನಮ್ಮ ಭಾಗದಲ್ಲಿ ಮಾತು ತೆಲುಗಿಗೆ ಹೊರಳಿ ಮತ್ತೆ ಕನ್ನಡಕ್ಕೆ ಬರುವುದು ಮಾಮೂಲಿ. ಕನ್ನಡದಲ್ಲೇ ಹೇಳಿ ಅಂತ ತಡೆದರೆ ಮಾತಿನ ಓಟ ಸತ್ತುಹೋಗುತ್ತದೆ. ತೆಲುಗಿನಲ್ಲೇ ಹೇಳಲಿ. ವರದಿಯಲ್ಲಿ ಅವರ ದನಿಯನ್ನು ನಾಲ್ಕೈದು ಸೆಕೆಂಡು ಪೂರ್ತಿ ಕೇಳಿಸಿ, ಆಮೇಲೆ ತಗ್ಗಿಸಿ ಮೇಲೆ ಕನ್ನಡ ಓದುತ್ತೇನೆ.

ಶುರುವಿಗೆ ಹೆಸರು, ಊರು, ರೆಕಾರ್ಡ್ ಮಾಡಲು ಒಪ್ಪಿಗೆ, ಇವು ಅವರ ದನಿಯಲ್ಲೇ ಇರಲಿ. ಅದನ್ನೇ ಅಲ್ಲೇ ಇಯರ್‌ಫೋನ್ ಹಾಕಿ ಕೇಳಿ, ಸರಿ ಇದ್ದರೆ ಮಾತ್ರ ಮುಂದೆ ಹೋಗಿ. ಮುಗಿದ ಮೇಲೆ ಅದೇ ಜಾಗದಲ್ಲಿ ಯಾರೂ ಮಾತಾಡದೆ ಒಂದು ನಿಮಿಷ ರೆಕಾರ್ಡ್ ಮಾಡಿ. ಎಡಿಟ್ ಮಾಡುವಾಗ ಕತ್ತರಿಸಿದ ಕಡೆ ಬರುವ ಖಾಲಿ ತುಂಬಲು ಆ ಜಾಗದ್ದೇ ಮೌನ ಬೇಕು, ಒಂದು ಶೆಡ್ಡಿನ ಮೌನ ಇನ್ನೊಂದಕ್ಕೆ ಹೊಂದುವುದಿಲ್ಲ. ಕಳಿಸುವಾಗ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ವಾಯ್ಸ್ ಮೆಸೇಜ್ ಆದರೆ ಹಿಂಡಿ ಹಾಕಿ ಕಳಿಸುತ್ತದೆ.

ಇನ್ನೊಂದು ಮಾತು, ಇದು ತಂತ್ರಕ್ಕಿಂತ ಹೆಚ್ಚಾಗಿ ವೃತ್ತಿಗೆ ಸೇರಿದ್ದು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಕೊಳ್ಳುವವರು ಒಂದು ಗೂಡು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಾರೆ. ಒಳಗಿನ ಕೋಶ, ಅಂದರೆ ಗೂಡಿನೊಳಗೆ ರೂಪ ಬದಲಿಸಿದ ಹುಳ, ಟಕ ಟಕ ಅನ್ನುತ್ತದೆ. ಆ ಸದ್ದು ನನಗೆ ಬೇಕೇ ಬೇಕಿತ್ತು. ಈಗ ಇ-ಹರಾಜು ಬಂದು ಕೂಗಾಟ ಇಲ್ಲವಾದರೂ ಜನ, ಗೂಡು ಸುರಿಯುವುದು, ಹೊರಗೆ ಆಟೋ, ಇದರ ನಡುವೆ ಆ ಟಕ ಟಕ ಮೂರು ಸಲ ಹೋದರೂ ಸಿಗಲಿಲ್ಲ. ಹತ್ತು ಗೂಡು ತಂದು ಮನೆಯ ಬೀರುವಿನ ಮುಂದೆ ಅಲ್ಲಾಡಿಸಿ ರೆಕಾರ್ಡ್ ಮಾಡಿದೆ. ಅದ್ಭುತವಾಗಿ ಬಂತು. ಮಾರುಕಟ್ಟೆಯ ಸದ್ದಿನ ಮೇಲೆ ಅದನ್ನು ಕೂರಿಸಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅದು ಆ ಜಾಗದ್ದಲ್ಲ. ಕೇಳುವವರು ಮಾರುಕಟ್ಟೆಯಲ್ಲಿ ನಿಂತಿದ್ದೇವೆ ಅಂತ ನಂಬಿ ಕೇಳುತ್ತಾರೆ, ನಾನು ನನ್ನ ಮನೆಯ ಸದ್ದು ಕೊಟ್ಟರೆ ಅದು ಸುಳ್ಳು. ಅಳಿಸಿ ಹಾಕಿದೆ.

ಕೊನೆಗೆ ಅದೇ ಜಂಗಮಕೋಟೆ ಕಡೆಯ ಯಜಮಾನರು ಗೂಡು ಮೂಟೆ ಕಟ್ಟುವ ದಿನ ಬೆಳಿಗ್ಗೆ ಐದಕ್ಕೇ ಹೋದೆ. ಜಗಲಿ ಮೇಲೆ ಕೂತು ಅವರೇ ಒಂದು ಗೂಡು ಅಲ್ಲಾಡಿಸಿ, ಚೆನ್ನಾಗಿ ಕಟ್ಟಿದೆ ಅಂದರು. ಫೋನು ಗೂಡಿನಿಂದ ಅರ್ಧ ಗೇಣು ದೂರದಲ್ಲಿತ್ತು. ಹಿಂದೆ ಒಂದು ಕೋಳಿ ಕೂಗಿದ್ದನ್ನೂ ತೆಗೆಯಲಿಲ್ಲ. ವರದಿಯಲ್ಲಿ ಹೀಗೇ ಓದಿದೆ: ಇದು ಮಾರುಕಟ್ಟೆಯಲ್ಲ, ಗೂಡು ಹೊರಡುವ ಮುಂಚಿನ ಜಗಲಿ.